ಎಣ್ಣೆಯನ್ನು ಅರಗಿಸುವವರಾರು?

ಬ್ಯಾಡಗಿಯ ಮೆಣಸಿನಕಾಯಿಯನ್ನು ನೀರಿನಲ್ಲಿ ನೆನೆಯಿಟ್ಟರೆ ನೀರಿಗೆ ಅಷ್ಟಾಗಿ ಬಣ್ಣ ಬಿಡುವುದಿಲ್ಲ. ಅದೇ ಕಾಯಿಯನ್ನು ಮುರಿದು ಕಾದ ಎಣ್ಣೆಗೆ ಹಾಕಿದರೆ ಕ್ಷಣಮಾತ್ರದಲ್ಲಿ ಎಣ್ಣೆಯೆಲ್ಲ ಕೆಂಪೇರುತ್ತದೆ. ಒಗ್ಗರಣೆಯ ಸೌಟು ಹಿಡಿದ ಯಾವ ಗೃಹಿಣಿಗೂ ಇದು ಹೊಸ ಸಂಗತಿಯಲ್ಲ. ಬ್ಯಾಡಗಿಯ ಪೇಟೆಯಲ್ಲಿ ಈ ಕಾಯಿಗೆ ಬೆಲೆ ಬರುವುದು ಅದರ ಖಾರಕ್ಕಿಂತ ಹೆಚ್ಚಾಗಿ ಈ ಕೆಂಪಿಗಾಗಿ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಆ ಕೆಂಪಿಗೆ ಕಾರಣವಾದ ಮುಖ್ಯ ವಸ್ತು ಕ್ಯಾಪ್ಸಾಂಥಿನ್. ಅದರ ಸಂಗಡ, ಶರೀರವು ಎ ಜೀವಸತ್ವವನ್ನಾಗಿ ಮಾರ್ಪಡಿಸಿಕೊಳ್ಳಬಲ್ಲ ಬೀಟಾ ಕ್ಯಾರೊಟಿನ್ ಕೂಡ ಇರುತ್ತದೆ. ಇವೆರಡೂ ನೀರನ್ನು ಒಲ್ಲವು, ಜಿಡ್ಡನ್ನೇ ಆಶ್ರಯಿಸುವಂಥವು.

ಆದರೆ ನಮ್ಮ ಶರೀರವಾದರೋ ನೀರಿನ ರಾಜ್ಯ. ಜೊಲ್ಲು ನೀರು, ಜಠರರಸ ನೀರು, ನೆತ್ತರಿನ ಬಹುಪಾಲು ನೀರು. ನೀರನ್ನು ಕಂಡರೆ ದೂರ ಸರಿಯುವ ಎಣ್ಣೆಯು ಈ ರಾಜ್ಯವನ್ನು ಪ್ರವೇಶಿಸುವುದೆಂತು? ಜೋಳದ ರೊಟ್ಟಿಯ ಮೇಲಿನ ಬೆಣ್ಣೆ, ಶೇಂಗಾ ಹಿಂಡಿಗೆ ಕಲಸಿದ ಕುಸುಬಿ ಎಣ್ಣೆ, ಹೋಳಿಗೆಯ ಮೇಲೆ ಸುರಿದ ತುಪ್ಪ, ಇವೆಲ್ಲ ಯಾರ ಕೈಯಿಂದ ಕರಗಿ ನಮ್ಮವಾಗುತ್ತವೆ? ಈ ವಾರ ವಿಚಾರಿಸಬೇಕಾದ ಪ್ರಶ್ನೆ ಇದು.

ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಮಾತಿನ ಕಡೆಗೊಂದು ನೋಟ. ಹಳಗನ್ನಡದ 'ನೆಯ್' ಎಂಬ ಶಬ್ದಕ್ಕೆ ಜಿಡ್ಡು, ತುಪ್ಪ ಎಂಬರ್ಥ. ಎಳ್ಳಿನ ನೆಯ್ ಎಣ್ಣೆಯಾಯಿತು. ಬೆಳ್ಳಗಿನ ನೆಯ್ ಬೆಣ್ಣೆಯಾಯಿತು. ಗಾಣದಿಂದ ಬಂದದ್ದೂ ಕಡೆಗೋಲಿನಿಂದ ಬಂದದ್ದೂ ಮೂಲತಃ ಒಂದೇ ಜಾತಿಯವೆಂಬುದನ್ನು ನಮ್ಮ ಭಾಷೆ ಬಹು ಹಿಂದೆಯೇ ಗುರುತಿಸಿತ್ತು. ರಸಾಯನಶಾಸ್ತ್ರವೂ ಇದನ್ನೇ ಹೇಳುತ್ತದೆ. ಎಣ್ಣೆಯಾಗಲಿ ತುಪ್ಪವಾಗಲಿ, ಅದರ ಒಂದೊಂದು ಅಣುವೂ ಮೂರು ಬಾಲಗಳುಳ್ಳ ಒಂದು ಕಟ್ಟು. ಗ್ಲಿಸರಾಲ್ ಎಂಬ ಪುಟ್ಟ ತಲೆ. ಅದಕ್ಕೆ ಅಂಟಿಕೊಂಡ ಮೂರು ಉದ್ದನೆಯ ಕೊಬ್ಬಿನ ಆಮ್ಲಗಳು. ಈ ಕಟ್ಟು ಇಡಿಯಾಗಿ ಕರುಳಿನ ಗೋಡೆಯನ್ನು ದಾಟಲಾರದು. ಮೊದಲು ಅದನ್ನು ಬಿಚ್ಚಬೇಕು.

ಬಿಚ್ಚುವ ಕೆಲಸ ಜಠರದಲ್ಲಿಯೇ ಸ್ವಲ್ಪ ನಡೆಯುವುದುಂಟು. ನೂರಕ್ಕೆ 10ರಿಂದ 30 ಪಾಲಿನಷ್ಟು ಕೊಬ್ಬು ಅಲ್ಲಿ ಜೀರ್ಣವಾಗುತ್ತದೆ. ಉಳಿದದ್ದೆಲ್ಲ ಸಣ್ಣ ಕರುಳಿನ ಪಾಲು. ಅಲ್ಲಿ ಯಕೃತ್ತಿನಿಂದ ಇಳಿದು ಬರುವ ಪಿತ್ತರಸವು ಎಣ್ಣೆಯ ದೊಡ್ಡ ಹನಿಗಳನ್ನು ಒಡೆದು ಕಣಕಣವಾಗಿ ಮಾಡುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ಒಂದು ಹನಿಯನ್ನು ಅದರ ಸಾವಿರದ ಒಂದಂಶ ತ್ರಿಜ್ಯದ ಕಣಗಳನ್ನಾಗಿ ಒಡೆದರೆ, ಎಣ್ಣೆ ಅಷ್ಟೇ ಇದ್ದರೂ ಅದರ ಮೈಯ ವಿಸ್ತೀರ್ಣ ಸಾವಿರ ಪಾಲು ಹೆಚ್ಚುತ್ತದೆ. ಪಿತ್ತರಸದ ಉಪಕಾರ ಇಷ್ಟೇ. ಅದು ಎಣ್ಣೆಯನ್ನು ಚೆದುರಿಸುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಕತ್ತರಿಸುವ ಕೈ ಬೇರೆಯೇ ಇದೆ.

ಆ ಕೈಯನ್ನು ಮೊದಲು ಕಂಡವನು ಫ್ರಾನ್ಸಿನ ಕ್ಲಾಡ್ ಬರ್ನಾರ್. 1848ರ ಸುಮಾರಿನಲ್ಲಿ ಅವನು ಮೊಲಗಳನ್ನು ಪರೀಕ್ಷಿಸುತ್ತಿದ್ದ. ಮೊಲದಲ್ಲಿ ಪಿತ್ತನಾಳವು ಕರುಳನ್ನು ಜಠರದ ಸಮೀಪದಲ್ಲಿಯೇ ಸೇರಿದರೆ ಮೇದೋಜೀರಕದ ನಾಳ ಬಹು ಕೆಳಗೆ ಸೇರುತ್ತದೆ. ಕೊಬ್ಬನ್ನು ತಿಂದ ಮೊಲದ ಕರುಳಿನ ಸುತ್ತಣ ಸೂಕ್ಷ್ಮ ನಾಳಗಳು ಹಾಲಿನಂತೆ ಬೆಳ್ಳಗಾಗುವುದು ಪಿತ್ತ ಸೇರಿದೆಡೆಯಿಂದಲ್ಲ, ಮೇದೋಜೀರಕದ ರಸ ಸೇರಿದೆಡೆಯಿಂದ ಕೆಳಕ್ಕೆ ಎಂಬುದನ್ನು ಅವನು ಗಮನಿಸಿದ. ಜಠರದ ಹಿಂದೆ ಅಡ್ಡಲಾಗಿ ಮಲಗಿರುವ, ಒಂದು ಗೇಣಿಗಿಂತ ಉದ್ದವಿಲ್ಲದ ಆ ಅಂಗದ ಮಹತ್ತ್ವ ಅಂದು ಬೆಳಕಿಗೆ ಬಂತು. ಅದರ ರಸದಲ್ಲಿ ಕೊಬ್ಬನ್ನು ಬಿಚ್ಚುವ ಕಿಣ್ವಕ್ಕೆ ಮುಂದೆ 'ಲೈಪೇಸ್' ಎಂಬ ಹೆಸರಾಯಿತು. ಗ್ರೀಕ್ ಭಾಷೆಯಲ್ಲಿ 'ಲಿಪೋಸ್' ಎಂದರೆ ಕೊಬ್ಬು.

ಈ ಕಿಣ್ವದ ನಡತೆಯಲ್ಲಿ ಒಂದು ವೈಚಿತ್ರ್ಯವಿತ್ತು. ನೀರಿನಲ್ಲಿ ಸಂಪೂರ್ಣ ಕರಗಿರುವ ವಸ್ತುವನ್ನು ಕೊಟ್ಟರೆ ಅದು ಬಹುತೇಕ ಸುಮ್ಮನಿರುತ್ತಿತ್ತು. ಅದೇ ವಸ್ತು ಕರಗಲಾರದಷ್ಟು ಹೆಚ್ಚಾಗಿ ಹನಿಯ ರೂಪ ತಾಳಿತೆಂದರೆ ಒಮ್ಮೆಲೇ ಚುರುಕಾಗುತ್ತಿತ್ತು. ಫ್ರಾನ್ಸಿನ ಸಾರ್ದಾ ಮತ್ತು ದೆನ್ಯುಯೆಲ್ ಎಂಬ ವಿಜ್ಞಾನಿಗಳು 1958ರಲ್ಲಿ ಇದನ್ನು ಅಳೆದು ತೋರಿಸಿದರು. ನೀರೂ ಎಣ್ಣೆಯೂ ಸಂಧಿಸುವ ಗಡಿಯಲ್ಲಿಯೇ ಈ ಕಿಣ್ವಕ್ಕೆ ಎಚ್ಚರವಾಗುತ್ತದೆ ಎಂದಾಯಿತು. ಏಕೆ?

ಏಕೆಂಬುದಕ್ಕೆ ಉತ್ತರ ದೊರೆತದ್ದು 1990ರಲ್ಲಿ. ಸ್ವಿಟ್ಜರ್ಲೆಂಡಿನ ವಿಂಕ್ಲರ್, ಡಾರ್ಸಿ ಮತ್ತು ಹುನ್ಜಿಕರ್ ಅವರು ಮಾನವ ಮೇದೋಜೀರಕದ ಲೈಪೇಸನ್ನು ಹರಳುಗಟ್ಟಿಸಿ, ಕ್ಷಕಿರಣಗಳ ನೆರವಿನಿಂದ ಅದರ ಆಕಾರವನ್ನು ಬಿಡಿಸಿದರು. 449 ಅಮೈನೋ ಆಮ್ಲಗಳನ್ನು ಒಂದೇ ಸರದಂತೆ ಪೋಣಿಸಿ, ಆ ಸರವನ್ನು ಮಡಿಸಿ ಮಡಿಸಿ ಎರಡು ಉಂಡೆಗಳನ್ನಾಗಿ ಮಾಡಿದರೆ ಹೇಗಿರಬಹುದೋ ಹಾಗಿದೆ ಈ ಅಣು. ಹಾವೇರಿಯ ಏಲಕ್ಕಿ ಹಾರವನ್ನು ಬಲ್ಲವರಿಗೆ ಪೋಣಿಸುವ ಕ್ರಮ ಎಷ್ಟು ಮುಖ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿಯೂ ಹಾಗೆಯೇ: 152ನೆಯ ಸ್ಥಾನದ ಸೆರೀನ್, 176ನೆಯ ಸ್ಥಾನದ ಆಸ್ಪಾರ್ಟಿಕ್ ಆಮ್ಲ, 263ನೆಯ ಸ್ಥಾನದ ಹಿಸ್ಟಿಡಿನ್, ಸರದಲ್ಲಿ ದೂರ ದೂರವಿರುವ ಈ ಮೂವರು ಮಡಿಕೆಯಿಂದಾಗಿ ದೊಡ್ಡ ಉಂಡೆಯೊಳಗೆ ಮಗ್ಗುಲು ಮಗ್ಗುಲಾಗಿ ಬಂದು ಕುಳಿತಿದ್ದಾರೆ. ಕೊಬ್ಬಿನ ಕಟ್ಟನ್ನು ಕತ್ತರಿಸುವ ಕತ್ತರಿ ಎಂದರೆ ಇವರೇ.

ಆದರೆ ಕತ್ತರಿಯ ಮೇಲೊಂದು ಮುಚ್ಚಳವಿದೆ. ಸರದ ಒಂದು ತುಂಡು ಬಾಗಿ ಆ ಕುಳಿಯನ್ನು ಮುಚ್ಚಿಕೊಂಡಿರುತ್ತದೆ. ನೀರಿನಲ್ಲಿರುವಾಗ ಮುಚ್ಚಳ ತೆರೆಯದು. ಎಣ್ಣೆಯ ಹನಿಯ ಮೈಗೆ ತಾಗಿದಾಗ ಅದು ಸರಿದು ದಾರಿ ಬಿಡುತ್ತದೆ. 1958ರ ಒಗಟಿನ ಅರ್ಥ ಇದು.

ಇಲ್ಲಿ ಇನ್ನೊಂದು ತೊಡಕುಂಟು. ಎಣ್ಣೆಯ ಕಣಗಳಿಗೆ ಪಿತ್ತದ ಲವಣಗಳು ಕವಚದಂತೆ ಅಂಟಿಕೊಂಡಿದ್ದು, ಲೈಪೇಸನ್ನು ಹತ್ತಿರಕ್ಕೆ ಸೇರಗೊಡುವುದಿಲ್ಲ. ಚೆದುರಿಸಿಕೊಟ್ಟವನೇ ಬಾಗಿಲು ಕಾಯುವವನಾದಂತಾಯಿತು. ಈ ಬಿಕ್ಕಟ್ಟನ್ನು ಬಿಡಿಸುವುದಕ್ಕೆಂದೇ ಮೇದೋಜೀರಕವು ಕೋಲೈಪೇಸ್ ಎಂಬ ಚಿಕ್ಕ ಸಹಾಯಕನನ್ನೂ ಕಳುಹಿಸುತ್ತದೆ. ಅದು ಲೈಪೇಸಿನ ಚಿಕ್ಕ ಉಂಡೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಎಣ್ಣೆಯ ಮೈಯಲ್ಲಿ ಊರಿ, ಇಬ್ಬರನ್ನೂ ಬೆಸೆಯುತ್ತದೆ. ತೆರೆದ ಮುಚ್ಚಳವನ್ನು ಆತು ನಿಲ್ಲುವುದೂ ಅದೇ. 1993ರಲ್ಲಿ ಫ್ರೆಂಚ್ ವಿಜ್ಞಾನಿಗಳು ಈ ಜೋಡಿಯ ಚಿತ್ರವನ್ನು ಮುಚ್ಚಳ ತೆರೆದ ಸ್ಥಿತಿಯಲ್ಲಿಯೇ ಪ್ರಕಟಿಸಿದರು.

ಮುಂದಿನದು ಸರಳ. ಮೂರು ಬಾಲಗಳ ಪೈಕಿ ಎರಡು ಅಂಚಿನವು ಕತ್ತರಿಸಿ ಬೀಳುತ್ತವೆ. ನಡುವಿನದೊಂದು ತಲೆಗೆ ಅಂಟಿಕೊಂಡೇ ಉಳಿಯುತ್ತದೆ. ಈ ತುಂಡುಗಳು ಪಿತ್ತಲವಣಗಳ ಗುಂಪಿನಲ್ಲಿ ಸೇರಿ ಕರುಳಿನ ಗೋಡೆಯನ್ನು ಮುಟ್ಟುತ್ತವೆ. ಅವುಗಳ ಜೊತೆಯಲ್ಲಿಯೇ ಎ, ಡಿ, ಇ, ಕೆ ಜೀವಸತ್ವಗಳೂ ಬ್ಯಾಡಗಿಯ ಕಾಯಿಯ ಕೆಂಪೂ ಸವಾರಿ ಮಾಡುತ್ತವೆ. ಗೋಡೆಯ ಆಚೆಗೆ ತುಂಡುಗಳು ಮತ್ತೆ ಕೂಡಿ ಕೊಬ್ಬಾಗಿ, ಹಾಲಿನಂಥ ದ್ರವವಾಗಿ ಹರಿಯುತ್ತವೆ. ಬರ್ನಾರ್ ಕಂಡ ಬಿಳುಪು ಅದೇ.

ಎಳೆಗೂಸಿನಲ್ಲಿ ಮೇದೋಜೀರಕದ ಲೈಪೇಸ್ ಇನ್ನೂ ಪೂರ್ತಿಯಾಗಿ ಸಿದ್ಧವಾಗಿರುವುದಿಲ್ಲ. ಆ ಕೊರತೆಯನ್ನು ತುಂಬಲು ತಾಯಿಯ ಹಾಲಿನಲ್ಲಿಯೇ ಬೇರೊಂದು ಲೈಪೇಸ್ ಬರುತ್ತದೆ. ಆಹಾರವೂ ಅದನ್ನು ಅರಗಿಸುವ ಸಾಧನವೂ ಒಂದೇ ಹಾಲಿನಲ್ಲಿ! ಕಾಯಿಸಿದರೆ ಈ ಕಿಣ್ವ ನಾಶವಾಗುತ್ತದೆ. ಎದೆಹಾಲಿಗೆ ಸಮನಾದುದಿಲ್ಲವೆಂಬ ಹಿರಿಯರ ಮಾತಿಗೆ ಇದೂ ಒಂದು ಆಧಾರ.

ಇಷ್ಟು ಹರಿತವಾದ ಕತ್ತರಿಯನ್ನು ಒಡಲಲ್ಲಿಟ್ಟುಕೊಂಡ ಮೇದೋಜೀರಕ ತನ್ನನ್ನೇ ಏಕೆ ಕತ್ತರಿಸಿಕೊಳ್ಳುವುದಿಲ್ಲ? ಸಸಾರಜನಕವನ್ನು ಜೀರ್ಣಿಸುವ ಕಿಣ್ವಗಳನ್ನು ಅದು ನಿಷ್ಕ್ರಿಯ ರೂಪದಲ್ಲಿಯೇ ತಯಾರಿಸುತ್ತದೆ. ಕರುಳನ್ನು ತಲುಪಿದ ಮೇಲೆಯೇ ಅವಕ್ಕೆ ಜೀವ. ಲೈಪೇಸಿಗೆ ಆ ಬಂಧನವಿಲ್ಲ. ಆದರೂ ಎಣ್ಣೆಯ ಹನಿ, ಸಹಾಯಕ, ಪಿತ್ತ ಇವು ಕೂಡುವುದು ಕರುಳಿನಲ್ಲಿ. ಈ ವ್ಯವಸ್ಥೆ ಮುರಿದು ಬೀಳುವುದೂ ಉಂಟು. ಪಿತ್ತಕೋಶದ ಕಲ್ಲು ಜಾರಿ ನಾಳವನ್ನು ಅಡ್ಡಗಟ್ಟಿದಾಗ, ಇಲ್ಲವೆ ಮದ್ಯಪಾನದಿಂದ ಅಂಗ ಘಾಸಿಗೊಂಡಾಗ, ಕಿಣ್ವಗಳು ಒಳಗೇ ಎಚ್ಚೆತ್ತು ತಮ್ಮ ಮನೆಯನ್ನೇ ಸುಡತೊಡಗುತ್ತವೆ. ಲೈಪೇಸ್ ಸುತ್ತಣ ಕೊಬ್ಬನ್ನು ಬಿಚ್ಚುತ್ತದೆ. ಬಿಡುಗಡೆಯಾದ ಆಮ್ಲಗಳು ರಕ್ತದ ಸುಣ್ಣದ ಅಂಶವನ್ನು ಸೆಳೆದುಕೊಂಡು ಬಿಳಿಯ ಸಾಬೂನಿನ ಮಚ್ಚೆಗಳಾಗುತ್ತವೆ. ಸಾಬೂನು ತಯಾರಿಸುವವರು ಎಣ್ಣೆಗೆ ಕ್ಷಾರ ಬೆರೆಸಿ ಕುದಿಸಿ ಮಾಡುವ ಕೆಲಸ ಇಲ್ಲಿ ಜೀವಂತ ಶರೀರದೊಳಗೆ ನಡೆದುಹೋಗುತ್ತದೆ.

ವಾಚಕರು ಈ ಮಾತನ್ನು ಮನಸ್ಸಿನಲ್ಲಿಡಬೇಕೆಂದು ನನ್ನ ವಿನಂತಿ. ಹಬ್ಬದ ಊಟದ ಮರುದಿನ ಮನೆಯ ಹಿರಿಯರೊಬ್ಬರು ಹೊಟ್ಟೆನೋವೆಂದರೆ 'ವಾಯು' ಎಂದು ಓಮಿನ ಕಾಳನ್ನೋ ಸೋಡವನ್ನೋ ಕೊಟ್ಟು ಮಲಗಿಸುವುದು ನಮ್ಮ ಸೀಮೆಯ ವಾಡಿಕೆ. ಬಹುಪಾಲು ಸಲ ಅದು ವಾಯುವೇ ಇದ್ದೀತು. ಆದರೆ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಹಠಾತ್ತಾಗಿ ಹುಟ್ಟಿ, ಬೆನ್ನಿಗೆ ಹಾಯ್ದು, ವಾಂತಿಯೊಡನೆ ಬಿಡದೆ ಕಾಡಿದರೆ ಅದನ್ನು ವಾಯುವೆಂದು ಭಾವಿಸಿ ಬೆಳಗಿನವರೆಗೆ ಕಾಯತಕ್ಕದ್ದಲ್ಲ. ಆಸ್ಪತ್ರೆಯಲ್ಲಿ ರಕ್ತದ ಲೈಪೇಸನ್ನು ಅಳೆಯುತ್ತಾರೆ. ಅದು ಸಹಜ ಮಿತಿಗಿಂತ ಮೂರು ಪಟ್ಟಿಗೂ ಮೀರಿದ್ದು, ನೋವೂ ಈ ಬಗೆಯದಾಗಿದ್ದರೆ, ಮೇದೋಜೀರಕದ ಉರಿಯೂತವೆಂದು ವೈದ್ಯರು ನಿರ್ಧರಿಸುತ್ತಾರೆ. ಅಂಥ ಸಮಯದಲ್ಲಿ ಕಳೆದ ಒಂದೊಂದು ಗಳಿಗೆಗೂ ಬೆಲೆಯುಂಟು.

ಇದಕ್ಕೆ ವಿರುದ್ಧವಾದ ಅವಸ್ಥೆಯೂ ಇದೆ. ಉರಿಯೂತ ಹಳೆಯದಾಗಿ ಅಂಗವೇ ಸವೆದರೆ ಲೈಪೇಸ್ ಸಾಲದಾಗುತ್ತದೆ. ಪ್ರಕೃತಿ ಇಲ್ಲಿ ಬಹು ಉದಾರಿ: ನೂರಕ್ಕೆ 90 ಪಾಲು ಶಕ್ತಿ ನಷ್ಟವಾಗುವವರೆಗೆ ಕೊರತೆ ಹೊರಗೆ ಕಾಣಿಸದು. ಆಮೇಲೆ ಮಲವು ಜಿಡ್ಡುಜಿಡ್ಡಾಗಿ, ದುರ್ಗಂಧದಿಂದ ಕೂಡಿ, ನೀರಿನಲ್ಲಿ ತೇಲತೊಡಗುತ್ತದೆ. ಉಂಡರೂ ಮೈ ಹತ್ತುವುದಿಲ್ಲ. ಎ ಜೀವಸತ್ವ ಸಾಲದೆ ಇರುಳುಗಣ್ಣು ಕೂಡ ಬರಬಹುದು. ಇಂಥವರಿಗೆ ಹಂದಿಯ ಮೇದೋಜೀರಕದಿಂದ ತೆಗೆದ ಕಿಣ್ವದ ಗುಳಿಗೆಗಳನ್ನು ಊಟದೊಡನೆ ಕೊಡುತ್ತಾರೆ. ಸಸ್ಯಾಹಾರದ ನೇಮವುಳ್ಳವರಿಗೆ ಇದು ಧರ್ಮಸಂಕಟವೇ ಸರಿ. ವೈದ್ಯರೊಡನೆ ಮುಚ್ಚುಮರೆಯಿಲ್ಲದೆ ಮಾತಾಡುವುದು ಲೇಸು.

ಇನ್ನು ಕೆಲವರಿಗೆ ಲೈಪೇಸ್ ಕೆಲಸ ಮಾಡುವುದೇ ಬೇಡವಾಗಿದೆ! ಮೈ ಕರಗಿಸುವ ಔಷಧವಾದ ಆರ್ಲಿಸ್ಟಾಟ್ ಅದರ 152ನೆಯ ಸ್ಥಾನದ ಸೆರೀನಿಗೇ ಗಂಟುಬಿದ್ದು ಕತ್ತರಿಯನ್ನು ಕಟ್ಟಿಹಾಕುತ್ತದೆ. ಅಮೇರಿಕದಲ್ಲಿ 1999ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ತಿಂದ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 30 ಪಾಲು ಅರಗದೆ ಹೊರಹೋಗುತ್ತದೆ. ಜೊತೆಗೆ ಜೀವಸತ್ವಗಳೂ ಸೋರುತ್ತವೆ. ವೈದ್ಯರ ಅಪ್ಪಣೆಯಿಲ್ಲದೆ ನುಂಗುವ ವಸ್ತುವಲ್ಲ.

ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಒಂದು ಕೆಲಸವನ್ನು ಇಲ್ಲಿ ಸ್ಮರಿಸಬೇಕು. ಕಲ್ಪನಾ ಪ್ಲಾಟೆಲ್ ಮತ್ತು ಕೆ. ಶ್ರೀನಿವಾಸನ್ ಅವರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳಿಗೆ ಆಹಾರದೊಡನೆ ಸಂಬಾರ ಪದಾರ್ಥಗಳನ್ನು ಸತತವಾಗಿ ಉಣಿಸಿದರು. ಮೆಣಸಿನಕಾಯಿಯ ಖಾರದ ಸತ್ವ, ಅರಿಸಿನದ ಸತ್ವ, ಶುಂಠಿ ಮುಂತಾದವು ಮೇದೋಜೀರಕದ ಲೈಪೇಸನ್ನು ಹೆಚ್ಚಿಸಿದವು. ಒಂದೇ ಸಲ ಕೊಟ್ಟಾಗ ಆ ಪರಿಣಾಮ ಕಾಣಲಿಲ್ಲ. ಇಲಿಗೆ ಹೇಳಿದ ಮಾತನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ನಿತ್ಯದ ಒಗ್ಗರಣೆ ಕೇವಲ ನಾಲಗೆಯ ಚಾಪಲ್ಯವಲ್ಲವೆಂಬ ಸೂಚನೆ ಇದರಲ್ಲಿದೆ.

ಹಾಗೆಂದು ರಾಣೇಬೆನ್ನೂರಿನ ಸಂತೆಯ ಮಿರ್ಚಿ ಬಜ್ಜಿಗೆ ವಿಜ್ಞಾನದ ಆಶೀರ್ವಾದ ದೊರೆಯಿತೆಂದು ಯಾರೂ ತಿಳಿಯಬಾರದು. ಲೈಪೇಸ್ ನಿಷ್ಠಾವಂತ ಸೇವಕ. ಎಷ್ಟು ಕೊಟ್ಟರೂ ಅರಗಿಸುತ್ತದೆ, ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿಯಂತೆ ಲೆಕ್ಕ ಒಪ್ಪಿಸುತ್ತದೆ. 'ಸಾಕು' ಎನ್ನುವುದು ಅದರ ಕೆಲಸವಲ್ಲ, ಉಣ್ಣುವವರ ಕೆಲಸ. ಇತ್ತ ಎಣ್ಣೆಯೆಂದರೆ ವಿಷವೆಂದು ಬಗೆದು ಬೆಳೆಯುವ ಮಕ್ಕಳ ತಾಟಿನಿಂದ ಅದನ್ನು ಪೂರ್ತಿ ಅಳಿಸಿಹಾಕುವವರೂ ಒಂದು ಮಾತನ್ನು ತಿಳಿದಿರಬೇಕು: ಗಜ್ಜರಿಯಲ್ಲಿಯೂ ಮೆಂತ್ಯದ ಸೊಪ್ಪಿನಲ್ಲಿಯೂ ಇರುವ ಬಣ್ಣ ಮಗುವಿನ ಕಣ್ಣನ್ನು ಮುಟ್ಟಬೇಕಾದರೆ ಜಿಡ್ಡಿನ ವಾಹನವೊಂದು ಬೇಕೇ ಬೇಕು. ಅದಕ್ಕೆ ಬಟ್ಟಲು ತುಂಬ ಎಣ್ಣೆ ಬೇಕಾಗಿಲ್ಲ. ಒಗ್ಗರಣೆಯ ಒಂದು ಚಮಚ ಸಾಕು.