ಪಕ್ಕದೂರಿನ ಅಂಕಣದಲ್ಲಿ ನಮ್ಮ ಹುಡುಗ್ರು

ಮಂಡ್ಯದ ಕಡೆ ಕಬಡ್ಡಿ ಅಂದ್ರೆ ಅರ್ಧ ಆಟ, ಅರ್ಧ ಊರಿನ ಮಾನ. ನಾಗಮಂಗಲ ತಾಲ್ಲೂಕಿನ ದೇವಲಾಪುರದಂಥ ಊರಿನ ಹುಡುಗ್ರು ಪಕ್ಕದೂರಿಗೆ ಆಡೋಕೆ ಹೊರಟರಂತೂ ಕೇಳೋದೇ ಬೇಡ. ‘ಯಾರ ಹತ್ರ ಬೇಕಾದ್ರೂ ಸೋಲಿ, ಅವರ ಹತ್ರ ಮಾತ್ರ ಸೋತು ಬರಬೇಡ್ರೋ’ ಅನ್ನೋ ಮಾತು ಗಾಡಿ ಹತ್ತೋಕೆ ಮುಂಚೆನೇ ಬೀಳುತ್ತೆ.

ಪರವೂರಲ್ಲಿ ಆಡೋದು ಯಾಕೆ ಕಷ್ಟ? ಮೊದಲನೇದು ನೆಲ. ಮಣ್ಣಲ್ಲಿ ಬರಿಗಾಲಲ್ಲಿ ಪಳಗಿದವನಿಗೆ ಮ್ಯಾಟ್ ಮೇಲೆ ಶೂ ಹಾಕಿ ತಿರುಗೋದು ಬೇರೆಯದೇ ಲೆಕ್ಕ. ಬಿದ್ದರೆ ಮೊಣಕೈ ತರಚುತ್ತೆ. ಎರಡನೇದು ಸದ್ದು. ರೈಡಿಗೆ ಸಿಗೋದು 30 ಸೆಕೆಂಡು. ಎದುರು ಏಳು ಜನ, ಸುತ್ತ ಇಡೀ ಊರಿನ ಕೂಗು. ಎದುರು ಕನಿಷ್ಠ ಆರು ಜನ ಇದ್ರೆ ಮಾತ್ರ ಬೋನಸ್ ಅನ್ನೋದೂ ಆ ಗಾಬರೀಲಿ ಮರೆತುಹೋಗುತ್ತೆ.

2014ರಲ್ಲಿ ಪ್ರೊ ಕಬಡ್ಡಿ ಶುರುವಾಯ್ತು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಕಪ್ ಗೆದ್ದಾಗ ಸ್ಟೇಟಸ್ ಹಾಕಿದವರು ನಮ್ಮಲ್ಲಿ ಎಷ್ಟೋ ಜನ. ಊರಿನ ಹುಡುಗರ ಜೊತೆ ಹೋಗೋಕೆ ಮಾತ್ರ ದೊಡ್ಡೋರು ಸಿಗಲ್ಲ. ಒಂದು ಪಾಯಿಂಟ್ ವಿಷಯಕ್ಕೆ ಮಾತು ಬೆಳೆದಾಗ, ‘ಸಾಕು ನಡೀರೋ, ಗಾಡಿ ಹತ್ತಿ’ ಅನ್ನೋ ಒಬ್ಬ ಅಣ್ಣ ಇದ್ರೆ ಜಗಳ ಅಲ್ಲಿಗೇ ನಿಲ್ಲುತ್ತೆ. ನಾಳೆ ಬೆಳಗ್ಗೆ ಆ ಎರಡೂರಿನ ಹುಡುಗ್ರು ಒಂದೇ ಬಸ್ಸಲ್ಲಿ ಕಾಲೇಜಿಗೆ ಹೋಗೋರು ತಾನೇ?

ಈ ಸಲ ಊರಿಗೆ ಹೋದಾಗ ‘ಎಷ್ಟು ಪಾಯಿಂಟಲ್ಲಿ ಸೋತ್ರಿ?’ ಅಂತ ಕೇಳಬೇಡಿ. ‘ಮುಂದಿನ ಮ್ಯಾಚ್ ಎಲ್ಲಿ? ನಾನೂ ಬರ್ತೀನಿ’ ಅನ್ನಿ. ಬ್ಯಾಗಲ್ಲಿ ಒಂದಿಷ್ಟು ಹತ್ತಿ, ಬ್ಯಾಂಡೇಜು ಇರಲಿ.