ಅಟ್ಟದ ಮೇಲಿನ ಮಸೂರ

ಕಂದಿಕೆರೆಯ ಕಡೆಯ ತೋಟಗಾರರ ಮನೆಗಳಲ್ಲಿ ಅಟ್ಟಕ್ಕೆ ಇರುವ ಮರ್ಯಾದೆ ನಡುಮನೆಗೂ ಇಲ್ಲ. ತೆಂಗಿನಕಾಯಿಗಳನ್ನು ಅಟ್ಟದ ಮೇಲೆ ತುಂಬಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅನಂತರ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಕಾಯಿ ಇಳಿಸುವ ದಿನ ಅಟ್ಟದ ಮೂಲೆಗಳಿಂದ ಬೇರೆ ವಸ್ತುಗಳೂ ಇಳಿಯುವುದುಂಟು. ನಮ್ಮ ಮನೆಯಲ್ಲಿ ಹಾಗೆ ಇಳಿದುದು ಒಂದು ತೊಗಲಿನ ಚೀಲ. ಅದರೊಳಗೆ ದೊಡ್ಡಪ್ಪನವರು ಬಳಸುತ್ತಿದ್ದ ಸೋವಿಯತ್ ದೇಶದ ಒಂದು ಕ್ಯಾಮೆರಾ ಇದ್ದಿತು. ಅದರ ಶಟರಿನ ಬಟ್ಟೆ ಜೀರ್ಣವಾಗಿ ಹರಿದುಹೋಗಿತ್ತು. ಜ್ಯೂಪಿಟರ್-8 ಎಂಬ, 50 ಮಿ.ಮೀ. ಸಂಗಮದೂರದ ಮಸೂರ ಮಾತ್ರ ನಿರ್ಮಲವಾಗಿತ್ತು. "ಗುಜರಿಗೆ ಹಾಕಿ" ಎಂದು ಮನೆಯಲ್ಲೊಬ್ಬರು ಹೇಳಿದರು. "ಹಳೆಯ ಮಸೂರಗಳಲ್ಲಿ ಒಂದು ಮಾಯೆಯಿದೆ, ಹೊಸದರಲ್ಲಿ ಅದು ಬಾರದು" ಎಂದು ಕಾಲೇಜಿನಲ್ಲಿ ಓದುತ್ತಿರುವ ಹುಡುಗನೊಬ್ಬ ಹೇಳಿದ. ಇಬ್ಬರ ಮಾತೂ ತಪ್ಪೆಂದು ನನ್ನ ಅಭಿಪ್ರಾಯ. ಏಕೆ ತಪ್ಪೆಂಬುದನ್ನು ವಿದ್ಯಾರ್ಥಿಗಳ ಮುಂದೆ ಇಡುವುದಕ್ಕಾಗಿಯೇ ಈ ಲೇಖನ.

ಮೊದಲು ಈ ಮಸೂರದ ಜಾತಿಯನ್ನು ತಿಳಿಯಬೇಕು. ಇದು ರೇಂಜ್‌ಫೈಂಡರ್ ಕ್ಯಾಮೆರಾಗಳಿಗಾಗಿ, ಎಂದರೆ ದೂರಮಾಪಕವುಳ್ಳ ಕ್ಯಾಮೆರಾಗಳಿಗಾಗಿ, ಹುಟ್ಟಿದುದು. ಅಂಥ ಕ್ಯಾಮೆರಾದಲ್ಲಿ ನೋಡುವವನ ಕಣ್ಣು ಮಸೂರದ ಮೂಲಕ ನೋಡುವುದಿಲ್ಲ. ಮೇಲ್ಭಾಗದಲ್ಲಿರುವ ಬೇರೊಂದು ಕಿಂಡಿಯ ಮೂಲಕ ನೋಡುತ್ತದೆ. ಸ್ವಲ್ಪ ಅಂತರದಲ್ಲಿ ಇನ್ನೊಂದು ಕಿಂಡಿಯಿದ್ದು, ಎರಡರಿಂದ ಬಂದ ಬಿಂಬಗಳು ಒಂದರ ಮೇಲೊಂದು ಕಾಣುತ್ತವೆ. ಮಸೂರವನ್ನು ತಿರುಗಿಸುತ್ತ ಎರಡು ಬಿಂಬಗಳನ್ನೂ ಕೂಡಿಸಿದರೆ ದೂರ ಸರಿಹೋಯಿತೆಂದು ಅರ್ಥ. ಎರಡು ಕಣ್ಣುಗಳು ದೂರವನ್ನು ಅಳೆಯುವ ಕ್ರಮವೇ ಇದು. ಲೈಕಾ ಕ್ಯಾಮೆರಾ 1925ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತಾದರೂ, ಮಸೂರದೊಡನೆ ಬೆಸೆದ ದೂರಮಾಪಕ ಅದಕ್ಕೆ ದೊರೆತುದು 1932ರಲ್ಲಿ. ಅದೇ ವರ್ಷ ಜೈಸ್ ಸಂಸ್ಥೆಯ ಕಾಂಟ್ಯಾಕ್ಸ್ ಬಂದಿತು. ಅದರ ಪ್ರಸಿದ್ಧ ಮಸೂರವಾದ ಸೋನಾರನ್ನು ರೂಪಿಸಿದವನು ಲುಡ್ವಿಗ್ ಬೆರ್ಟೆಲೆ. ನಮ್ಮ ಜ್ಯೂಪಿಟರ್-8 ಆ ಸೋನಾರಿನ ಸಂತಾನವೇ.

ಕಣ್ಣಿಗೆ ಪ್ರತ್ಯೇಕ ಕಿಂಡಿಯಿರುವುದರಿಂದ ಮಸೂರಕ್ಕೂ ಫಿಲ್ಮಿಗೂ ನಡುವೆ ಕನ್ನಡಿ ಬೇಕಾಗಲಿಲ್ಲ. ಆದಕಾರಣ ಮಸೂರವನ್ನು ಫಿಲ್ಮಿಗೆ ಹತ್ತಿರದಲ್ಲಿಯೇ ಇಡಬಹುದಾಯಿತು. ತಿರುಪಿನಿಂದ ಕೂಡಿಸುವ ಈ ಜಾತಿಯ ಮಸೂರದ ಬುಡದಿಂದ ಫಿಲ್ಮಿಗೆ 28.8 ಮಿ.ಮೀ. ದೂರ, 1954ರಲ್ಲಿ ಬಂದ ಲೈಕಾ ಎಂ3 ಮತ್ತು ಅದರ ವಂಶದವುಗಳಲ್ಲಿ 27.8 ಮಿ.ಮೀ. ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ಹಾಗಲ್ಲ. 1959ರ ನಿಕಾನ್ ಎಫ್‌ನಲ್ಲಿ ಈ ದೂರ 46.5 ಮಿ.ಮೀ. ಅದಕ್ಕೆ ಹಳೆಯ ಮಸೂರವನ್ನು ಹೇಗೆ ಜೋಡಿಸಿದರೂ ಅದು ಫಿಲ್ಮಿನಿಂದ ಬಹುದೂರ ನಿಲ್ಲುವುದರಿಂದ, ಮೂಗಿನ ಮುಂದಿನ ಹೂವು ಸ್ಪಷ್ಟವಾದೀತೇ ಹೊರತು ತೋಟದ ಮರಗಳು ಎಂದಿಗೂ ಸ್ಪಷ್ಟವಾಗಲಾರವು. ಹೀಗೆ ಒಂದು ಕುಲದ ಮಸೂರಗಳೆಲ್ಲ ಅಟ್ಟ ಸೇರಿದವು. 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆ ಮಸೂರ ಬದಲಿಸಬಹುದಾದ, ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾವನ್ನು ತಂದಿತು. ಹಳೆಯ ಫಿಲ್ಮಿನಷ್ಟೇ ಅಗಲದ ಸಂವೇದಕವುಳ್ಳದ್ದನ್ನು ಸೋನಿ 2013ರಲ್ಲಿ ತಂದಿತು. ಸೋನಿಯಲ್ಲಿ ಬುಡದಿಂದ ಸಂವೇದಕಕ್ಕೆ 18 ಮಿ.ಮೀ. ಮಾತ್ರ. ಉಳಿದ 10.8 ಮಿ.ಮೀ. ದಪ್ಪಕ್ಕೆ ಒಂದು ಲೋಹದ ಬಳೆ ಸಾಕು. ಅದನ್ನೇ ಅಡಾಪ್ಟರ್ ಎನ್ನುತ್ತಾರೆ. ಅದರಲ್ಲಿ ಗಾಜಿಲ್ಲ, ತಂತಿಯಿಲ್ಲ, ಏನೂ ಇಲ್ಲ.

ಏನೂ ಇಲ್ಲದ ಆ ಬಳೆಯೇ ನನಗೆ ಮೊದಲ ಪಾಠ ಕಲಿಸಿತು. ಅಗ್ಗಕ್ಕೆ ಸಿಕ್ಕ ಒಂದನ್ನು ಕೊಂಡು ತಂದು, ತೋಟದ ಅಂಚಿನಲ್ಲಿ ನಿಂತು, ಕಂಡಿಯನ್ನು ಪೂರ್ತಿ ತೆರೆದು ಎಫ್/2ರಲ್ಲಿ ಚಿತ್ರ ತೆಗೆದೆ. ಇಪ್ಪತ್ತು ಗಜದಾಚೆಯ ತೆಂಗಿನ ಕಾಂಡದ ಮೇಲಿನ ಉಂಗುರಗಳೆಲ್ಲ ಎಣಿಸುವಂತಿದ್ದವು. ಹಿಂದಿನ ಗುಡ್ಡದ ಸಾಲು ಮಾತ್ರ ಮಸುಕು. ಮಸೂರವನ್ನು ಅನಂತಕ್ಕೆ, ಎಂದರೆ ಇನ್ನು ತಿರುಗದೆಂಬಲ್ಲಿಗೆ, ತಿರುಗಿಸಿದರೂ ಗುಡ್ಡ ತಿಳಿಯಾಗಲಿಲ್ಲ. ಮಸೂರ ಕೆಟ್ಟಿದೆಯೆಂದುಕೊಂಡೆ. ಕೆಟ್ಟಿರಲಿಲ್ಲ, ಬಳೆ ಕೂದಲೆಳೆಯಷ್ಟು ದಪ್ಪವಾಗಿತ್ತು. ಮಸೂರದ ಸೂತ್ರವನ್ನು ಬಲ್ಲ ವಿದ್ಯಾರ್ಥಿ ಇದನ್ನು ಲೆಕ್ಕ ಹಾಕಬಲ್ಲ. ಸಂಗಮದೂರದ ವರ್ಗವನ್ನು ಹೆಚ್ಚಾದ ದಪ್ಪದಿಂದ ಭಾಗಿಸಿದರೆ, ಮಸೂರ ತಲಪಬಲ್ಲ ಅತಿ ದೂರ ಸುಮಾರಾಗಿ ಬರುತ್ತದೆ. 50ರ ವರ್ಗ 2500, ದಪ್ಪ 0.1 ಮಿ.ಮೀ. ಹೆಚ್ಚಾಗಿದ್ದರೆ 25,000 ಮಿ.ಮೀ., ಎಂದರೆ 25 ಮೀಟರು. ಮಿಲಿಮೀಟರಿನ ಹತ್ತನೆಯ ಒಂದು ಭಾಗ ಗುಡ್ಡವನ್ನೇ ನುಂಗಿಬಿಟ್ಟಿತು! ಎಫ್/8ಕ್ಕೆ ಕಂಡಿಯನ್ನು ಕಿರಿದು ಮಾಡಿದಾಗ ಗುಡ್ಡ ಮತ್ತೆ ಕಾಣಿಸಿಕೊಂಡಿತು. ಎಫ್/2ರಲ್ಲಿ ಗುಡ್ಡದ ಒಂದು ಬಿಂದು ಸಂವೇದಕದ ಮೇಲೆ 0.05 ಮಿ.ಮೀ. ಅಗಲದ ಬೊಟ್ಟಾಗಿ ಹರಡಿದ್ದುದು, ಎಫ್/8ರಲ್ಲಿ ಅದರ ಕಾಲು ಭಾಗವಾಯಿತು. ಮೂವತ್ತು ವರ್ಷಗಳ ಹಿಂದೆ ನಾನೇ ಪರೀಕ್ಷೆಯಲ್ಲಿ ಪೂರ್ಣಾಂಕ ಪಡೆದಿದ್ದ ಸೂತ್ರವಿದು. ಅದರ ಅರ್ಥ ತಿಳಿದುದು ಅಂದು, ಆ ತೋಟದಲ್ಲಿ.

ಇನ್ನು ಮಾಯೆಯ ವಿಷಯ. ಹಳೆಯ ಮಸೂರದ ಬಿಂಬಕ್ಕೆ ಒಂದು ಬಗೆಯ ಮೃದುವಾದ ಹೊಳಪುಂಟು, ನಿಜ. ಗೋಳೀಯ ದೋಷ ಪೂರ್ತಿ ನಿವಾರಣೆಯಾಗದೆ ಉಳಿದುದೂ, ಗಾಜಿನ ಮೈಗಳಿಂದ ಬೆಳಕು ಚೆದರುವುದೂ ಅದಕ್ಕೆ ಕಾರಣ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಸೋನಾರಿನಲ್ಲಿ ಗಾಳಿಗೆ ತೆರೆದ ಮೈಗಳು ಆರು. ಲೇಪವಿಲ್ಲದಿದ್ದರೆ ನೂರರಲ್ಲಿ 78 ಪಾಲು ಮಾತ್ರ ನೇರವಾಗಿ ದಾಟೀತು. ಎರಡೆರಡು ಮೂರುಮೂರು ಗಾಜುಗಳನ್ನು ಅಂಟಿಸಿ ಬೆರ್ಟೆಲೆ ಮೈಗಳ ಸಂಖ್ಯೆಯನ್ನು ತಗ್ಗಿಸಿದುದು ಈ ನಷ್ಟಕ್ಕೆ ಅಂಜಿಯೇ. 1935ರಲ್ಲಿ ಜೈಸ್ ಸಂಸ್ಥೆಯ ಸ್ಮಕುಲ ಎಂಬ ವಿಜ್ಞಾನಿ ಪ್ರತಿಫಲನವನ್ನು ತಡೆಯುವ ತೆಳುಲೇಪಕ್ಕೆ ಪೇಟೆಂಟು ಪಡೆದನು. ಇಂದಿನ ಬಹುಪದರದ ಲೇಪಗಳ ಮುಂದೆ ಅಂದಿನ ಒಂಟಿ ಲೇಪ ದುರ್ಬಲ. ತೆಂಗಿನ ಗರಿಗಳ ಸಂದಿನಿಂದ ಇಣುಕುವ ಮಧ್ಯಾಹ್ನದ ಆಕಾಶಕ್ಕೆ ದೊಡ್ಡಪ್ಪನವರ ಮಸೂರವನ್ನು ಎತ್ತಿದರೆ ಚಿತ್ರಕ್ಕೆಲ್ಲ ಹಾಲು ಚೆಲ್ಲಿದಂತಾಗುತ್ತದೆ. ಇದನ್ನು ಮಾಯೆಯೆಂದು ಕರೆದು ದುಬಾರಿ ಬೆಲೆ ಕೊಡುವವರಿದ್ದಾರೆ. ಅವರ ಹಣ, ಅವರ ಇಷ್ಟ.

ಆದರೆ ಗುಜರಿಯವರ ಪಕ್ಷಕ್ಕೂ ಒಂದು ಗಟ್ಟಿಯಾದ ವಾದವುಂಟು; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಫಿಲ್ಮಿನ ಮುಂದೆ ಗಾಳಿ ಮಾತ್ರವಿತ್ತು. ಸಂವೇದಕದ ಮುಂದೆ ಗಾಜಿನ ಬಿಲ್ಲೆಯಿದೆ. ಅನೇಕ ಕ್ಯಾಮೆರಾಗಳಲ್ಲಿ ಅದರ ದಪ್ಪ ಸುಮಾರು 2 ಮಿ.ಮೀ. ತಂಬಿಗೆಯ ನೀರಿನಲ್ಲಿ ಹಾಕಿದ ನಾಣ್ಯ ಮೇಲೆದ್ದಂತೆ ಕಾಣುವುದಷ್ಟೆ? ಹಾಗೆಯೇ ಈ ಬಿಲ್ಲೆ ಬಿಂಬವನ್ನು ಹಿಂದಕ್ಕೆ ಸರಿಸುತ್ತದೆ. ವಕ್ರೀಭವನಾಂಕ 1.5 ಎಂದಿಟ್ಟುಕೊಂಡರೆ ನೇರವಾಗಿ ಬಂದ ಕಿರಣಗಳ ಬಿಂಬ 0.67 ಮಿ.ಮೀ. ಸರಿಯುತ್ತದೆ. ಎಲ್ಲೆಡೆಯೂ ಅಷ್ಟೇ ಸರಿದಿದ್ದರೆ ಮಸೂರವನ್ನು ತುಸು ತಿರುಗಿಸಿ ಸರಿಪಡಿಸಬಹುದಾಗಿತ್ತು. ತೊಡಕಿರುವುದು ಓರೆಯಾಗಿ ಬರುವ ಕಿರಣಗಳಲ್ಲಿ. 45 ಅಂಶ ಓರೆಯಾಗಿ ಬಂದವುಗಳಿಗೆ ಈ ಸರಿತ 0.93 ಮಿ.ಮೀ. ಮಧ್ಯವನ್ನು ಸರಿಮಾಡಿದರೆ ಮೂಲೆಯಲ್ಲಿ 0.26 ಮಿ.ಮೀ. ತಪ್ಪು ಉಳಿಯುತ್ತದೆ. ಎಫ್/8ರಲ್ಲಿ 0.24 ಮಿ.ಮೀ.ವರೆಗಿನ ತಪ್ಪನ್ನು ಕಣ್ಣು ಕ್ಷಮಿಸುತ್ತದೆ, ಎಫ್/2ರಲ್ಲಿ 0.06 ಮಾತ್ರ. 21 ಮಿ.ಮೀ.ನಂಥ ವಿಶಾಲಕೋನದ ಹಳೆಯ ಮಸೂರಗಳು ಸಂವೇದಕಕ್ಕೆ ಬಹಳ ಸಮೀಪದಲ್ಲಿ ನಿಂತು ಮೂಲೆಗಳಿಗೆ ಇಷ್ಟೇ ಓರೆಯಾಗಿ ಬೆಳಕು ಕಳುಹಿಸುವುದರಿಂದ, ಅವುಗಳ ಚಿತ್ರದ ಅಂಚಿನಲ್ಲಿ ತೆಂಗಿನ ಗರಿಗಳು ಹಿಂಜಿದ ಅರಳೆಯಂತಾಗುತ್ತವೆ. 50 ಮಿ.ಮೀ. ಮಸೂರದಲ್ಲಿ ಓರೆ ಸುಮಾರು 23 ಅಂಶ, ತಪ್ಪು 0.06 ಮಿ.ಮೀ.; ಅದು ಕ್ಷಮೆಯ ಎಲ್ಲೆಯಲ್ಲಿಯೇ ನಿಂತಿತು.

ಗಾಜನ್ನು ತೆಳುವಾಗಿಸಬಾರದೇಕೆ ಎಂದು ಕೇಳಬಹುದು. 2006ರ ಲೈಕಾ ಎಂ8ರಲ್ಲಿ ಅದನ್ನು 0.5 ಮಿ.ಮೀ.ಗೆ ಇಳಿಸಿದರು. ಆಗ ಕಣ್ಣಿಗೆ ಕಾಣದ ಅವಗೆಂಪು ಕಿರಣಗಳು ಒಳನುಗ್ಗಿ, ಕಪ್ಪು ಕೃತಕ ನೂಲಿನ ಬಟ್ಟೆಗಳು ಚಿತ್ರದಲ್ಲಿ ನೇರಳೆ ಬಣ್ಣಕ್ಕೆ ತಿರುಗಿದವು. ಸಂಸ್ಥೆ ಗಿರಾಕಿಗಳಿಗೆ ಶೋಧಕ ಗಾಜುಗಳನ್ನು ಹಂಚಬೇಕಾಯಿತು.

ಹೀಗಿರಲಾಗಿ ನನ್ನ ಸಲಹೆ ಇಷ್ಟು: ವಿಶಾಲಕೋನದ ಹಳೆಯ ಮಸೂರಗಳ ಬೆನ್ನು ಹತ್ತಬೇಡಿ, ಮನೆಯಲ್ಲಿ 50 ಮಿ.ಮೀ.ನದೊಂದಿದ್ದರೆ ಬಿಡಬೇಡಿ. ಹೊಸ ಕ್ಯಾಮೆರಾ ಮುಖವನ್ನು ತಾನೇ ಹುಡುಕಿ, ದೂರವನ್ನು ತಾನೇ ಅಳೆದು, ಮಸೂರದ ದೋಷಗಳನ್ನು ಗಣಿತದಿಂದ ಅಳಿಸಿ, ಸಿದ್ಧಚಿತ್ರವನ್ನು ಕೈಗಿಡುತ್ತದೆ. ಪತ್ರಿಕಾ ಛಾಯಾಗ್ರಾಹಕನಿಗೆ, ಹಕ್ಕಿಯ ಬೆನ್ನಟ್ಟುವವನಿಗೆ ಅದು ವರವೇ ಸರಿ, ಮೈಸೂರಿನ ಟಿ. ಎಸ್. ಸತ್ಯನ್ ಅವರ ಪೀಳಿಗೆಗೆ ಈ ಸೌಕರ್ಯ ವೃತ್ತಿಯ ಆರಂಭದಲ್ಲಿ ದೊರೆತಿದ್ದರೆ ಅವರು ಬೇಡವೆನ್ನುತ್ತಿದ್ದರೆಂದು ನಾನು ನಂಬಲಾರೆ. ವಿದ್ಯಾರ್ಥಿಯ ಗರಜು ಬೇರೆ. ಅವನಿಗೆ ತಪ್ಪುಗಳು ಕಾಣಬೇಕು. ಜ್ಯೂಪಿಟರಿನಲ್ಲಿ ಕಂಡಿಯ ಬಳೆಯನ್ನು ಬೆರಳು ತಿರುಗಿಸುತ್ತದೆ, ಅದರ ಅಲಗುಗಳು ಮುಚ್ಚುವುದನ್ನು ಕಣ್ಣು ನೋಡುತ್ತದೆ, ಹಿನ್ನೆಲೆ ತಿಳಿಯಾಗುವುದನ್ನು ಅದೇ ಕ್ಷಣ ಪರದೆ ತೋರಿಸುತ್ತದೆ. ಒಂದು ಮೀಟರಿಗಿಂತ ಹತ್ತಿರ ಅದು ಬಾರದು. ಏಕೆ ಬಾರದೆಂದು ಕೇಳಿದ ಹುಡುಗಿ ದೂರಮಾಪಕದ ಯಂತ್ರರಚನೆಯವರೆಗೂ ಹೋಗಬೇಕಾಗುತ್ತದೆ. ನಮ್ಮ ಕಾಲೇಜುಗಳ ಭೌತಶಾಸ್ತ್ರದ ಪ್ರಯೋಗಶಾಲೆಗಳಲ್ಲಿ ಸಂಗಮದೂರವನ್ನು ಸೂಜಿಗಳಿಂದ ಅಳೆದು, ಉತ್ತರವನ್ನು ಹಿಂದಿನ ವರ್ಷದ ಪುಸ್ತಕದೊಡನೆ ಹೊಂದಿಸುವ ಪದ್ಧತಿ ನಮಗೆಲ್ಲರಿಗೂ ಗೊತ್ತು. ಬಳಸಿದ ಕನ್ನಡಿರಹಿತ ಕ್ಯಾಮೆರಾ ಒಂದು, ಹಳೆಯ ಮಸೂರ ಒಂದು, ಬೇರೆಬೇರೆ ದಪ್ಪದ ಬಳೆಗಳು ಎರಡು ಮೂರು: ಇಷ್ಟನ್ನು ಪ್ರಯೋಗಶಾಲೆಯ ಮೇಜಿನ ಮೇಲಿಡಬೇಕೆಂಬುದು ನನ್ನ ಆಗ್ರಹ. ಮನೆಯವರು ಗುಜರಿಗೆ ಹಾಕಹೊರಟಿರುವ ಮಸೂರವನ್ನು ಕೇಳಿ ಪಡೆಯಲು ಅಧ್ಯಾಪಕರು ನಾಚಬೇಕಾದುದಿಲ್ಲ.

ಪಡೆಯುವಾಗ ಒಂದು ಎಚ್ಚರಿಕೆ. ಹಸಿ ತಗುಲಿದ ಕೊಬ್ಬರಿಗೆ ಬೂಷ್ಟು ಹಿಡಿಯುವಂತೆ ಮಸೂರಕ್ಕೂ ಹಿಡಿಯುತ್ತದೆ. ಒಂದು ಕಡೆಯಿಂದ ಬ್ಯಾಟರಿ ದೀಪ ಬಿಟ್ಟು ಇನ್ನೊಂದು ಕಡೆಯಿಂದ ನೋಡಿದರೆ ಜೇಡರ ಬಲೆಯಂಥ ಎಳೆಗಳು ಕಾಣುತ್ತವೆ. ಸ್ವಲ್ಪವಿದ್ದರೆ ಅಂಜಬೇಕಾದುದಿಲ್ಲ, ಆದರೆ ಅಂಥದನ್ನು ತೊಗಲಿನ ಚೀಲದಲ್ಲಿ ಮತ್ತೆ ಮುಚ್ಚಿಡಕೂಡದು, ಗಾಳಿಯಾಡುವ ಒಣ ಸ್ಥಳದಲ್ಲಿಡಬೇಕು.

ಕ್ಯಾಮೆರಾ ಕೊಳ್ಳುವ ಶಕ್ತಿಯಿಲ್ಲದವರಿಗೆ ಅಟ್ಟವೇ ಕ್ಯಾಮೆರಾ. ಕಳೆದ ಬೇಸಿಗೆಯಲ್ಲಿ ಊರಿನ ಮಕ್ಕಳನ್ನು ಕರೆದುಕೊಂಡು ಅಟ್ಟಕ್ಕೆ ಹತ್ತಿದೆ. ಹೆಂಚಿನ ಸಂದುಗಳನ್ನು ಗೋಣಿಯಿಂದ ಮುಚ್ಚಿ, ತೋಟದ ಕಡೆಯ ಗವಾಕ್ಷಿಗೆ ರಟ್ಟು ಬಡಿದು, ರಟ್ಟಿನ ತೂತಿನಲ್ಲಿ ಮಸೂರವನ್ನು ಸಿಕ್ಕಿಸಿ, ಹಿಂದೆ ಎಣ್ಣೆ ಸವರಿದ ಕಾಗದ ಹಿಡಿದೆವು. ಮೂವತ್ತು ಮೀಟರು ದೂರದ, ಹದಿನೈದು ಮೀಟರು ಎತ್ತರದ ತೆಂಗಿನ ಮರ ಕಾಗದದ ಮೇಲೆ 25 ಮಿ.ಮೀ. ಆಗಿ ತಲೆಕೆಳಗಾಗಿ ನಿಂತಿತು. ಗಾಳಿ ಬೀಸಿದಾಗ ಗರಿಗಳು ಅಲ್ಲಾಡಿದವು. ಅಳತೆಪಟ್ಟಿ ತಂದಿದ್ದ ಹುಡುಗನೊಬ್ಬ ಮರದ ಬಿಂಬವನ್ನು ಅಳೆದು, ಮರವೆಷ್ಟು ಎತ್ತರವೆಂದು ಲೆಕ್ಕಹಾಕಿ, ಸರಿಯೋ ತಪ್ಪೋ ಎಂದು ಕಾಯಿ ಕೀಳುವವರನ್ನು ಕೇಳುವುದಕ್ಕೆ ಇಳಿದು ಓಡಿದ.