ಹೆಸರು ಉಳಿಯಿತು, ಕನ್ನಡಕ ಹೋಯಿತು

ಮುಂಬಯಿ ಕನ್ನಡಿಗರಿಗೂ ತಂಪು ಕನ್ನಡಕಕ್ಕೂ ಹಳೆಯ ನಂಟು. ರಜೆಗೆ ಊರಿಗೆ ಹೊರಟ ಹೋಟೆಲ್ ಹುಡುಗನ ಟ್ರಂಕಿನಲ್ಲಿ ತಾಯಿಗೊಂದು ಸೀರೆ, ತನಗೊಂದು ‘ಕೂಲಿಂಗ್ ಗ್ಲಾಸ್’ ಇದ್ದೇ ಇರುತ್ತಿತ್ತು. ಆಗ ಊರಲ್ಲಿ ಕಪ್ಪು ಕನ್ನಡಕ ಹಾಕುತ್ತಿದ್ದವರು ಎರಡೇ ಬಗೆಯವರು: ಡಾ. ಎಂ. ಸಿ. ಮೋದಿಯವರ ಶಿಬಿರದಂಥ ಕಡೆ ಪೊರೆ ತೆಗೆಸಿಕೊಂಡ ಅಜ್ಜಂದಿರು, ಇಲ್ಲವೆ ಬೊಂಬಾಯಿಯಿಂದ ಬಂದವರು.

ಆ ಹಳಬರು ಈಗ ಸಂಘದ ಸಮಾರಂಭಗಳಲ್ಲಿ ಕಲೆತಾಗ, “ಅಂಥ ಮಾಡೆಲ್ ಈಗ ಬರುವುದೇ ಇಲ್ಲ ಮಾರಾಯ್ರೆ” ಎಂದು ಕೊರಗುತ್ತಾರೆ. ಕೊರಗು ಸರಿಯೇ. ಆದರೆ ಅದನ್ನೇ ಬಂಡವಾಳ ಮಾಡಿಕೊಂಡು ಚೋರ್ ಬಜಾರಿನಲ್ಲಿ ‘ವಿಂಟೇಜ್’ ಎಂದೂ ಮಾಲ್‌ಗಳಲ್ಲಿ ‘ಕ್ಲಾಸಿಕ್’ ಎಂದೂ ನಮ್ಮ ಜೇಬಿಗೆ ಕೈ ಹಾಕುವುದಿದೆಯಲ್ಲ, ನಮ್ಮ ತಕರಾರು ಅದರ ಮೇಲೆ.

ಎಲ್ಲರ ಬಾಯಲ್ಲಿರುವ ರೇ-ಬ್ಯಾನನ್ನೇ ನೋಡಿ. ಅಮೆರಿಕದ ಬಾಷ್ ಅಂಡ್ ಲೋಂಬ್ ಕಂಪನಿ 1937ರಲ್ಲಿ ಈ ಹೆಸರಿನಲ್ಲಿ ವಿಮಾನ ಚಾಲಕರ ಮಾದರಿಯ ಕನ್ನಡಕ ತಂದಿತು. ದಪ್ಪ ಚೌಕಟ್ಟಿನ ‘ವೇಫೇರರ್’ ಬಂದದ್ದು 1950ರ ದಶಕದಲ್ಲಿ. 1999ರಲ್ಲಿ ಈ ವ್ಯಾಪಾರವೆಲ್ಲ ಇಟಲಿಯ ಲಕ್ಸೋಟಿಕಾ ಕೈಗೆ ಹೋಯಿತು. ಗಾಜಿನ ಅಂಚಿನಲ್ಲಿ ಕೊರೆಯುತ್ತಿದ್ದ ಬಿ.ಎಲ್. ಎಂಬ ಸಣ್ಣ ಅಕ್ಷರಗಳು ಹೋಗಿ ಆರ್.ಬಿ. ಬಂತು. 2001ರಲ್ಲಿ ವೇಫೇರರನ್ನು ಚಿಕ್ಕದು ಮಾಡಿ, ಮೂಲೆಗಳನ್ನು ನುಣುಪು ಮಾಡಿ, ಅಸಿಟೇಟ್ ಬಿಟ್ಟು ಅಚ್ಚಿಗೆ ಹೊಯ್ಯುವ ಹಗುರ ಪ್ಲಾಸ್ಟಿಕ್ಕಿನಲ್ಲಿ ತೆಗೆದರು. ಹೆಸರು ಮಾತ್ರ ಅದೇ.

“ಬೇಡಿಕೆ ಇಲ್ಲದ್ದು ನಿಲ್ಲುತ್ತದೆ, ಅದು ವ್ಯಾಪಾರಧರ್ಮ” ಎನ್ನುವವರಿದ್ದಾರೆ. ಅವರಿಗೊಂದು ಲೆಕ್ಕ ಕೊಡುತ್ತೇವೆ. 1981ರಲ್ಲಿ ವೇಫೇರರ್ ಮಾರಾಟವಾದದ್ದು ಸುಮಾರು 18,000 ಮಾತ್ರ. 1982ರಲ್ಲಿ ಕಂಪನಿಯು ಸಿನಿಮಾಗಳಲ್ಲಿ ತನ್ನ ಕನ್ನಡಕ ತೋರಿಸಲು ಒಪ್ಪಂದ ಮಾಡಿಕೊಂಡಿತು. 1983ರಲ್ಲಿ ಟಾಮ್ ಕ್ರೂಸ್ ಒಂದು ಚಿತ್ರದಲ್ಲಿ ಹಾಕಿಕೊಂಡ. ಆ ವರ್ಷದ ಮಾರಾಟ ಸುಮಾರು 3,60,000! ಕನ್ನಡಕ ಬದಲಾಗಿರಲಿಲ್ಲ, ಮೂಗು ಬದಲಾಗಿತ್ತು ಅಷ್ಟೆ. ಬೇಡಿಕೆ ಎಂಬುದು ತಾನಾಗಿ ಮಳೆಯಂತೆ ಸುರಿಯುವುದಿಲ್ಲ. ಹಳೆಯದನ್ನು ಜನ ಹುಡುಕುತ್ತಿದ್ದಾರೆಂದು ಕಂಡಾಗ 2007ರಲ್ಲಿ ಇದೇ ಕಂಪನಿ ಮೊದಲಿನ ಆಕಾರವನ್ನೇ ಮತ್ತೆ ತಂದಿತಲ್ಲ!

ಇನ್ನೊಂದು ತಮಾಷೆ. ರೇ-ಬ್ಯಾನ್ ಬೇಡವೆಂದು ಮುನಿಸಿಕೊಂಡು ವೋಗ್, ಪರ್ಸೋಲ್, ಓಕ್ಲಿ ಕೊಂಡವರೂ ದುಡ್ಡು ಹಾಕಿದ್ದು ಅದೇ ಗಲ್ಲಾಕ್ಕೆ. 1990ರಲ್ಲಿ ಒಂದು, 1995ರಲ್ಲಿ ಒಂದು, 2007ರಲ್ಲಿ ಒಂದು ಎಂದು ಲಕ್ಸೋಟಿಕಾ ಮೂರನ್ನೂ ಕೊಂಡಿತು. 2018ರಲ್ಲಿ ಮಸೂರ ಮಾಡುವ ಎಸಿಲೋರ್ ಜೊತೆಗೂ ಒಂದಾಯಿತು. ಇನ್ನು ಆಯ್ಕೆಯ ಮಾತೆಲ್ಲಿ?

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾವು ಹೇಳುವುದಿಲ್ಲ. ಗಾಜಿಗೆ ಸುಲಭವಾಗಿ ಗೀರು ಬೀಳದು, ನಿಜ. ಆದರೆ ಭಾರ, ಬಿದ್ದರೆ ಚೂರು. ಸಾದಾ ಗಾಜು ಅತಿನೇರಳೆ ಕಿರಣದ ಒಂದು ಭಾಗವನ್ನು ಒಳಕ್ಕೆ ಬಿಡುತ್ತದೆ. ಇಂದಿನ ಪಾಲಿಕಾರ್ಬೊನೇಟ್ ಬಹುಪಾಲು ತಡೆಯುತ್ತದೆ. ಕಪ್ಪಾದಷ್ಟೂ ಕಣ್ಣಿಗೆ ಕ್ಷೇಮ ಎಂಬುದೂ ಭ್ರಮೆ. ಕತ್ತಲಾದರೆ ಪಾಪೆ ಅಗಲವಾಗುತ್ತದೆ. ಮಸೂರ ಅತಿನೇರಳೆ ಕಿರಣವನ್ನು ತಡೆಯದಿದ್ದರೆ ಅದು ಇನ್ನಷ್ಟು ಒಳನುಗ್ಗುತ್ತದೆ. ದಾದರ್ ಫುಟ್‌ಪಾತಿನಲ್ಲಿ ಮಕ್ಕಳಿಗೆ ಬಣ್ಣದ ಗಾಗಲ್ ಕೊಡಿಸುವ ತಾಯಂದಿರು ಇದನ್ನು ಗಮನಿಸಬೇಕು. ಚೋರ್ ಬಜಾರಿನ ‘ವಿಂಟೇಜ್’ ಕೊಳ್ಳುವವರೂ ಅಷ್ಟೆ. ಕಿರಣ ಅಳೆಯುವ ಯಂತ್ರ ಅನೇಕ ಕನ್ನಡಕದ ಅಂಗಡಿಗಳಲ್ಲಿದೆ. ಒಂದು ನಿಮಿಷದ ಕೆಲಸ.

ನಾವು ಕಳೆದುಕೊಂಡದ್ದು ಆಕಾರವನ್ನಲ್ಲ, ರಿಪೇರಿಯನ್ನು. ಅಸಿಟೇಟ್ ಫ್ರೇಮು ಹಾಳೆಯಿಂದ ಕತ್ತರಿಸಿ ಮಾಡುವಂಥದು. ಬಿಸಿ ಮಾಡಿದರೆ ಬಗ್ಗುತ್ತದೆ. ಕಿವಿಗೆ ಬೇಕಾದಂತೆ ಕೂರಿಸಬಹುದು, ಕೀಲು ಬದಲಾಯಿಸಬಹುದು, ಉಜ್ಜಿ ಹೊಳಪು ಕೊಡಬಹುದು, ಬಣ್ಣದ ಮಸೂರ ತೆಗೆದು ಚಾಳೀಸಿನ ನಂಬರು ಹಾಕಿಸಬಹುದು. ಅಚ್ಚಿನ ಪ್ಲಾಸ್ಟಿಕ್ಕಿಗೆ ಈ ಆಯುಷ್ಯವಿಲ್ಲ. ಈಚೆಗೆ ಉಪನಗರದ ಒಂದು ಥಳಕಿನ ಅಂಗಡಿಗೆ ಕೀಲು ಸಡಿಲವಾದ ಕನ್ನಡಕ ಒಯ್ದರೆ, ಸ್ಕ್ರೂ ಕೂಡ ಮುಟ್ಟದೆ, “ಹೊಸದು ತೊಗೊಳ್ಳಿ ಅಂಕಲ್, ಆಫರ್ ಇದೆ” ಎಂದರು. ಕೊನೆಗೆ ಆ ಕೀಲನ್ನು ಬಿಗಿ ಮಾಡಿಕೊಟ್ಟದ್ದು ಗಿರ್‌ಗಾಂವ್ ಗಲ್ಲಿಯ ಒಬ್ಬ ಮುದುಕ; ತೆಗೆದುಕೊಂಡದ್ದು ಮೂವತ್ತು ರೂಪಾಯಿ.

ಅಂಥ ಕೈಕಸುಬಿನವರು ಇನ್ನೂ ಕೆಲವರಿದ್ದಾರೆ. ನಮ್ಮ ಸಂಘಗಳು ನೇತ್ರ ತಪಾಸಣಾ ಶಿಬಿರ ನಡೆಸುತ್ತವಲ್ಲ, ಮುಂದಿನ ಶಿಬಿರದಲ್ಲಿ ಹೊಸ ಫ್ರೇಮು ಮಾರುವವರ ಮೇಜಿನ ಪಕ್ಕದಲ್ಲಿ ಇಂಥವರೊಬ್ಬರಿಗೂ ಒಂದು ಮೇಜು ಹಾಕಿಕೊಡಲಿ. ಕಪಾಟಿನಲ್ಲಿ ಕಡ್ಡಿ ಮುರಿದು ಬಿದ್ದಿರುವ ಹಳೆಯ ಕನ್ನಡಕಗಳನ್ನು ಸದಸ್ಯರು ತರಲಿ. ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಆತನೇ ಹೇಳುತ್ತಾನೆ.